ಚೆನ್ನೆಮಣೆಯಿಂದ ಕಂಪ್ಯೂಟರಿಗೆ

ಮಕ್ಕಳು ಫೋನು ಹಿಡಿದು ಆಟದಲ್ಲಿ ಮುಳುಗಿ ಓದನ್ನು ಮರೆತರೆಂಬ ದೂರು ಇಂದು ಮನೆಮನೆಯಲ್ಲಿಯೂ ಕೇಳಿಬರುತ್ತದೆ. ಅದೇ ಫೋನಿನಲ್ಲಿ, ಅದೇ ಬಗೆಯ ಆಟದಿಂದ, ಕೂಡುವುದನ್ನೂ ಕಳೆಯುವುದನ್ನೂ ಕಲಿಸಿಬಿಡುವೆವೆಂದು ಹೇಳುವವರೂ ಕಡಮೆಯಿಲ್ಲ. ಒಬ್ಬರಿಗೆ ಆಟವು ಪಾಠದ ಹಗೆ. ಮತ್ತೊಬ್ಬರಿಗೆ ಆಟವೇ ಪಾಠ. ಈ ಜಗಳವು ಫೋನಿನ ಜೊತೆಯಲ್ಲಿಯೇ ಹುಟ್ಟಿತೆಂದು ನಮ್ಮಲ್ಲಿ ಅನೇಕರ ತಿಳಿವಳಿಕೆ. ಆದರೆ ಆಟದಿಂದ ಕಲಿಸುವ ಯತ್ನಕ್ಕೂ, ಯಂತ್ರದಿಂದ ಕಲಿಸುವ ಯತ್ನಕ್ಕೂ ಕನ್ನಡ ನಾಡಿನಲ್ಲಿ ದೀರ್ಘವಾದ ಚರಿತ್ರೆಯೇ ಉಂಟು.

ನಾನು ಮಲೆನಾಡಿನವನು. ಮೂಡಿಗೆರೆ, ಕಳಸಗಳ ಕಾಫಿತೋಟಗಳ ನಡುವೆ ಇರುವ ಸಣ್ಣ ಪ್ರಾಥಮಿಕ ಶಾಲೆಗಳನ್ನು ಕಂಡು ಬಲ್ಲವನು. ಆ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಚರಿತ್ರೆಯನ್ನು ಓದುತ್ತ ಹೋದಾಗ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಆಟದ ಸಾಮಾನು ಮರದ್ದಾಗಲಿ, ಗಾಜಿನದ್ದಾಗಲಿ, ಅದರ ಮೇಲೆ ಕೈಯಿಡುವ ಅವಕಾಶ ಯಾವ ಮಗುವಿಗೆ ಸಿಕ್ಕಿತು?

ಮೊದಲು ನಮ್ಮ ಹಳೆಯ ಚೆನ್ನೆಮಣೆಯನ್ನೇ ತೆಗೆದುಕೊಳ್ಳೋಣ. ಬಯಲು ಸೀಮೆಯಲ್ಲಿ ಇದನ್ನೇ ಅಳಗುಳಿ ಮಣೆ ಎನ್ನುತ್ತಾರೆ. ಒಂದು ಸಾಲಿಗೆ ಏಳರಂತೆ ಎರಡು ಸಾಲು ಗುಳಿ; ಗುಳಿಗೆ ನಾಲ್ಕು ಕಾಯಿ; ಒಟ್ಟು 56 ಕಾಯಿ. ಹುಣಿಸೆಬೀಜವಾದರೂ ಸರಿ, ಮಂಜೊಟ್ಟಿಯಾದರೂ ಸರಿ. ತನ್ನ ಕಡೆಯ ಒಂದು ಗುಳಿಯನ್ನು ಬರಿದುಮಾಡಿ ಕಾಯಿಗಳನ್ನು ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತ ಹೋಗಬೇಕು. ಕೈ ಬರಿದಾದಲ್ಲಿ ಮುಂದಿನ ಗುಳಿಯನ್ನು ಎತ್ತಿ ಮತ್ತೆ ಬಿತ್ತಬೇಕು. ಮುಂದಿನ ಗುಳಿ ಬರಿದಾಗಿದ್ದರೆ ಅದರಾಚೆಯ ಗುಳಿಯ ಕಾಯಿಗಳು ಆಡಿದವನಿಗೆ. ಹೊರಗೆ ಆಷಾಢದ ಮಳೆ ಹೊಯ್ಯುತ್ತಿರುವಾಗ ಜಗುಲಿಯಲ್ಲಿ ಅಜ್ಜಿಯ ಎದುರು ಕುಳಿತ ಮೊಮ್ಮಗಳು ಯಾವ ಗುಳಿಯಿಂದ ಹೊರಟರೆ ಎಲ್ಲಿ ಹೋಗಿ ಮುಟ್ಟುವೆನೆಂದು ಕಣ್ಣಿನಲ್ಲಿಯೇ ಎಣಿಸುತ್ತಾಳೆ. ಕೂಡುವುದು, ಕಳೆಯುವುದು, ನಾಲ್ಕರ ಮಗ್ಗಿ, ಮುಂದಾಲೋಚನೆ, ಇಷ್ಟೂ ಅದರಲ್ಲಿ ಅಡಗಿವೆ. ಪಾಠವೆಂದು ಯಾರೂ ಹೆಸರಿಡಲಿಲ್ಲ, ಅಷ್ಟೆ. ಇದರ ಎರಡು ಗುಣಗಳನ್ನು ಓದುಗರು ನೆನಪಿನಲ್ಲಿಡಬೇಕು. ಆಡುವ ಇಬ್ಬರ ಕೈಗೂ ಸರಿಸಮನಾದ ಪಾಲುಂಟು. ಮತ್ತು ತಪ್ಪಿದರೆ ಆ ತಪ್ಪು ಆಗಲೇ, ಎಲ್ಲರ ಕಣ್ಣೆದುರಿಗೇ ಕಾಣುತ್ತದೆ. ಹೊಡೆತವಿಲ್ಲ, ಬೈಗುಳವಿಲ್ಲ, ಮತ್ತೊಂದು ಆಟವುಂಟು.

ದೊಡ್ಡವರೂ ಆಟವನ್ನು ಹಗುರವಾಗಿ ಎಣಿಸಿರಲಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ರಾಜ್ಯಭಾರ ಕೈಬಿಟ್ಟ ದೀರ್ಘಕಾಲದಲ್ಲಿ ಮಣೆಯಾಟಗಳಲ್ಲಿ ಅಪಾರವಾದ ಆಸಕ್ತಿಯನ್ನು ತಾಳಿದರು. ಹೊಸ ಆಟಗಳನ್ನು ರಚಿಸಿದರು. ಚದುರಂಗದ ಕುದುರೆ ಅರುವತ್ತನಾಲ್ಕು ಮನೆಗಳನ್ನೂ ಒಂದೊಂದೇ ಬಾರಿ ಮೆಟ್ಟಿ ಬರುವ ಸಮಸ್ಯೆಯನ್ನು ಬಿಡಿಸಿದರು. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಒಂದು ಆಟಗಳಿಗೇ ಮೀಸಲಾದ ಕೌತುಕನಿಧಿ. ಪರಮಪದ ಸೋಪಾನವೆಂಬ ಹಾವು ಏಣಿಯ ಪಟವೂ ಪಾಪಪುಣ್ಯಗಳನ್ನು ಕಲಿಸುವುದಕ್ಕೆಂದೇ ಹುಟ್ಟಿದ ಆಟ. ಆಟದ ಮೂಲಕ ವಿಷಯವನ್ನು ಕಲಿಸಬಹುದೆಂಬ ಅರಿವು ನಮಗೆ ಹೊರಗಿನಿಂದ ಬಂದುದಲ್ಲ.

ಆದರೆ ಶಾಲೆಯ ಬಾಗಿಲೊಳಗೆ ಆಟಕ್ಕೆ ಪ್ರವೇಶವಿರಲಿಲ್ಲ. ಕೂಲಿಮಠದಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿದರು. ಮಗ್ಗಿಯನ್ನು ಕೂಗಿ ಕೂಗಿ ಬಾಯಿಪಾಠ ಮಾಡಿದರು. ಸರಕಾರಿ ಶಾಲೆ ಬಂದಾಗ ಮರಳಿನ ಬದಲು ಸ್ಲೇಟು ಬಂದಿತು. ಪಾಠದ ಕ್ರಮ ಹೆಚ್ಚು ಬದಲಾಗಲಿಲ್ಲ. ಚೆನ್ನೆಮಣೆ ಜಗುಲಿಯಲ್ಲಿಯೇ ಉಳಿಯಿತು.

ಆಟವನ್ನೂ ಯಂತ್ರವನ್ನೂ ಒಟ್ಟಿಗೆ ಕಂಡ ಒಬ್ಬ ಮಹನೀಯರು ಮೈಸೂರಿನಲ್ಲಿದ್ದರು. ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಮಕ್ಕಳ ಮನಸ್ಸನ್ನು ಅರಿತು ಆಡಿಸುತ್ತ ಕಲಿಸುವ ಶಿಶುವಿಹಾರದ ಪದ್ಧತಿಗೆ ಮೈಸೂರಿನಲ್ಲಿ ಒತ್ತಾಸೆ ಕೊಟ್ಟವರು. ಇವರೇ 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಿಂದ 30 ವಾಟಿನ ಒಂದು ಸಣ್ಣ ಯಂತ್ರದ ಮೂಲಕ ಬಾನುಲಿಯನ್ನು ಆರಂಭಿಸಿದರು. ಅದಕ್ಕಿಟ್ಟ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ರೇಡಿಯೋಗೆ ನಿಂತಿತು. ಮನಶ್ಶಾಸ್ತ್ರಜ್ಞರೊಬ್ಬರು ಕನ್ನಡ ನಾಡಿಗೆ ರೇಡಿಯೋ ತಂದರೆಂಬುದು ನನಗೆ ಬಹಳ ಅರ್ಥವತ್ತಾಗಿ ಕಾಣುತ್ತದೆ.

ಆಗ ಕಡೂರು ಜಿಲ್ಲೆಯೆಂದೇ ಹೆಸರಿದ್ದ ನಮ್ಮ ಬೆಟ್ಟಗಳಿಗೆ ಆ ಸಣ್ಣ ಯಂತ್ರದ ಧ್ವನಿ ಮುಟ್ಟುವಂತಿರಲಿಲ್ಲ. 1965ರಲ್ಲಿ ಭದ್ರಾವತಿಯ ಆಕಾಶವಾಣಿ ಕೇಂದ್ರ ತೆರೆದ ಮೇಲೆ ಮಲೆನಾಡಿಗೆ ಹತ್ತಿರದ ದನಿಯೊಂದು ದೊರೆಯಿತು. ರೇಡಿಯೋ ಅಗ್ಗದ ಯಂತ್ರ. ಬೆಟ್ಟದಾಚೆಯ ಶಾಲೆಗೂ ಹೋಗಬಲ್ಲುದು. ವಿದ್ಯುತ್ತು ಹೋದರೂ ಸೆಲ್ಲಿನಿಂದ ನಡೆಯುವುದು. ಆದರೆ ಅದು ಮಾತನಾಡುತ್ತದೆ, ಮಗು ಕೇಳುತ್ತದೆ; ಮಗುವಿನ ಕೈಗೆ ಕೆಲಸವಿಲ್ಲ. ಈ ಕೊರತೆಯನ್ನರಿತು, 2000ದ ನಂತರದ ವರ್ಷಗಳಲ್ಲಿ ‘ಕೇಳಿ-ಕಲಿ’ ಎಂಬ ಬಾನುಲಿ ಪಾಠಗಳನ್ನು ಪ್ರಾಥಮಿಕ ಶಾಲೆಗಳಿಗಾಗಿ ಪ್ರಸಾರ ಮಾಡಿದಾಗ, ಹಾಡು, ಒಗಟು, ಪ್ರಶ್ನೆಗಳನ್ನು ಸೇರಿಸಿ, ಮಕ್ಕಳು ಉತ್ತರ ಹೇಳಲೆಂದು ನಡುನಡುವೆ ಬಿಡುವು ಕೊಡುವ ಕ್ರಮವನ್ನು ತಂದರು. ಆ ಬಿಡುವಿನ ಕ್ಷಣದಲ್ಲಿ ತರಗತಿಯನ್ನು ಎಬ್ಬಿಸಿ, ಕುಣಿಸಿ, ಉತ್ತರವನ್ನು ತಿದ್ದಬೇಕಾದವರು ಉಪಾಧ್ಯಾಯರೇ.

ಕಿವಿಯ ನಂತರ ಕಣ್ಣಿನ ಸರದಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ವರೆಗೆ, ಅಮೆರಿಕದ ಒಂದು ಉಪಗ್ರಹದ ನೆರವಿನಿಂದ ನಮ್ಮ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಕಾರ್ಯಕ್ರಮಗಳನ್ನು ಕಳುಹಿಸಲಾಯಿತು. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಆಯ್ಕೆಯಾದವು. ಬೆಳಗಿನ ಹೊತ್ತು ಐದರಿಂದ ಹನ್ನೆರಡು ವರ್ಷದ ಮಕ್ಕಳಿಗಾಗಿ ಕಾರ್ಯಕ್ರಮ. ಬೆಂಗಳೂರಿನ ಅನೇಕ ಮನೆಗಳು ಟೆಲಿವಿಷನ್ನನ್ನು ಕಣ್ಣಾರೆ ಕಾಣುವ ಮೊದಲೇ ರಾಯಚೂರಿನ ಹಳ್ಳಿಯ ಮಗು ಅದನ್ನು ಕಂಡಿತು. ಇದೇ ಪ್ರಯೋಗದ ಅಂಗವಾಗಿ ಹತ್ತಿರ ಹತ್ತಿರ 50,000 ಪ್ರಾಥಮಿಕ ಶಾಲಾ ಉಪಾಧ್ಯಾಯರಿಗೆ ವಿಜ್ಞಾನ ಬೋಧನೆಯಲ್ಲಿ ತರಬೇತಿಯೂ ದೊರೆಯಿತು. ವರ್ಷ ಮುಗಿಯಿತು, ಉಪಗ್ರಹ ಹಿಂದಕ್ಕೆ ಹೋಯಿತು, ತರಬೇತಿ ಮಾತ್ರ ಉಪಾಧ್ಯಾಯರಲ್ಲಿ ಉಳಿಯಿತು. 2004ರ ಸೆಪ್ಟೆಂಬರ್ 20ರಂದು ನಮ್ಮದೇ ಆದ ಎಜುಸ್ಯಾಟ್ ಉಪಗ್ರಹ ಹಾರಿದಾಗ ಚಾಮರಾಜನಗರ ಜಿಲ್ಲೆಯ 800ಕ್ಕೂ ಮೇಲ್ಪಟ್ಟ ಪ್ರಾಥಮಿಕ ಶಾಲೆಗಳು ಅದರ ಪಾಠವನ್ನು ಪಡೆದವು. ಅಲ್ಲಿಯೂ ಮಗುವಿನ ಪಾಲಿಗೆ ಬಂದುದು ನೋಡುವ ಕೆಲಸ.

ಈ ನಡುವೆ ಹೊರದೇಶದಲ್ಲಿ ಬೇರೊಂದು ದಾರಿ ತೆರೆದಿತ್ತು. 1967ರಲ್ಲಿ ಸೀಮೋರ್ ಪೇಪರ್ಟ್ ಮತ್ತು ಅವರ ಸಂಗಡಿಗರು ಮಕ್ಕಳಿಗಾಗಿ ‘ಲೋಗೋ’ ಎಂಬ ಕಂಪ್ಯೂಟರ್ ಭಾಷೆಯನ್ನು ರಚಿಸಿದರು. ಇಷ್ಟು ಹೆಜ್ಜೆ ಮುಂದೆ, ಇಷ್ಟು ಬಲಕ್ಕೆ ಎಂದು ಮಗು ಅಪ್ಪಣೆ ಕೊಟ್ಟರೆ ಒಂದು ಯಂತ್ರದ ಆಮೆ ಅದರಂತೆ ನಡೆದು ಚಿತ್ರ ಬರೆಯುತ್ತಿತ್ತು. ಯಂತ್ರವು ಮಗುವಿಗೆ ಪಾಠ ಹೇಳುವ ಬದಲು ಮಗುವೇ ಯಂತ್ರಕ್ಕೆ ಪಾಠ ಹೇಳಲಿ ಎಂಬುದು ಪೇಪರ್ಟರ ಮತ. 1971ರಲ್ಲಿ ಮಿನಿಯಾಪೊಲಿಸ್ ನಗರದಲ್ಲಿ ಉಪಾಧ್ಯಾಯ ತರಬೇತಿಯಲ್ಲಿದ್ದ ಮೂವರು ತರುಣರು, ಹಿಂದಿನ ಶತಮಾನದಲ್ಲಿ ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ವಲಸೆ ಹೋದವರ ಕಥೆಯನ್ನು ಕಂಪ್ಯೂಟರಿನ ಆಟವಾಗಿ ಮಾಡಿದರು. ದವಸ ಎಷ್ಟು ಕೊಳ್ಳಬೇಕೆಂದು ಮಕ್ಕಳೇ ತೀರ್ಮಾನಿಸಬೇಕು. ಆ ಯಂತ್ರಕ್ಕೆ ತೆರೆಯೂ ಇರಲಿಲ್ಲ. ಟೈಪು ಮಾಡಿದ ಕಾಗದ ಹೊರಬರುತ್ತಿತ್ತು. ಒಂದೇ ಯಂತ್ರದ ಸುತ್ತ ಮಕ್ಕಳೆಲ್ಲ ಕಲೆತು, ನಕ್ಷೆ ನೋಡುವವನೊಬ್ಬ, ಲೆಕ್ಕ ಇಡುವವಳೊಬ್ಬಳು ಎಂದು ಕೆಲಸ ಹಂಚಿಕೊಂಡರಂತೆ. ಚೆನ್ನೆಮಣೆಯ ಸುತ್ತಲಿನ ಜಗುಲಿಯೇ ಅದು!

ನಮ್ಮಲ್ಲಿ ಪ್ರಾಥಮಿಕ ಶಾಲೆಯ ಮಗುವಿಗೆ ಕಂಪ್ಯೂಟರು ಒದಗಿದುದು ಮೂವತ್ತು ವರ್ಷ ತಡವಾಗಿ. 2001ರ ಆಸುಪಾಸಿನಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಸರಕಾರದ ಜೊತೆಗೂಡಿ ಕರ್ನಾಟಕದ ಹಳ್ಳಿಯ ಶಾಲೆಗಳಲ್ಲಿ ಕಂಪ್ಯೂಟರ್ ನೆರವಿನ ಕಲಿಕೆಯ ಕೇಂದ್ರಗಳನ್ನು ತೆರೆಯಿತು. ಪಠ್ಯವನ್ನು ಕಥೆ, ಚಿತ್ರ, ಆಟಗಳಾಗಿ ಮಾಡಿ ಸಿ.ಡಿ.ಗಳಲ್ಲಿ ತುಂಬಿದರು. ಮಕ್ಕಳು ಸಂಭ್ರಮಪಟ್ಟರು, ಶಾಲೆಗೆ ಕಳೆ ಬಂದಿತು. ಆದರೆ ಒಂದು ಕಂಪ್ಯೂಟರಿನ ಮುಂದೆ ನಾಲ್ಕೈದು ಮಕ್ಕಳು ಕುಳಿತರೆ ಮೌಸು ಒಂದೇ. ಅದು ಯಾರ ಕೈಯಲ್ಲಿ? ಸಾಮಾನ್ಯವಾಗಿ ದೊಡ್ಡವನ ಕೈಯಲ್ಲಿ, ಜೋರಿನವನ ಕೈಯಲ್ಲಿ, ಓದಿನಲ್ಲಿ ಮೊದಲೇ ಮುಂದಿದ್ದವನ ಕೈಯಲ್ಲಿ. ಉಳಿದವರು, ಅವರಲ್ಲಿಯೂ ಹೆಣ್ಣುಮಕ್ಕಳು, ಹಿಂದಿನ ಸಾಲಿನಿಂದ ಕತ್ತು ಚಾಚಿ ನೋಡಿದರು.

ಇದನ್ನು ಗಮನಿಸಿ ಅದಕ್ಕೊಂದು ಉಪಾಯ ಹುಡುಕಿದವರು ನಮ್ಮ ಬೆಂಗಳೂರಿನಲ್ಲಿಯೇ ಇದ್ದರು. 2005ರಲ್ಲಿ ಅಲ್ಲಿ ಮೈಕ್ರೋಸಾಫ್ಟ್ ಕಂಪೆನಿಯ ಸಂಶೋಧನಾಲಯವೊಂದು ಆರಂಭವಾಗಿತ್ತು. ಉದಯ್ ಸಿಂಗ್ ಪವಾರ್, ಜಯೋಜಿತ್ ಪಾಲ್, ಕೆಂಟಾರೊ ಟೊಯಾಮ ಮೊದಲಾದವರು ಒಂದೇ ಕಂಪ್ಯೂಟರಿಗೆ ಹಲವು ಮೌಸುಗಳನ್ನು ಜೋಡಿಸಿದರು. ಮಗುವಿಗೊಂದು ಮೌಸು, ತೆರೆಯ ಮೇಲೆ ಮಗುವಿಗೊಂದು ಬಣ್ಣದ ಬಾಣ. ಖರ್ಚು ಅತ್ಯಲ್ಪ. ಸುತ್ತಲಿನ ಹಳ್ಳಿಶಾಲೆಗಳಲ್ಲಿ ಹನ್ನೊಂದು ಹನ್ನೆರಡು ವರ್ಷದ ಮಕ್ಕಳಿಗೆ ಇಂಗ್ಲಿಷ್ ಪದಗಳನ್ನು ಕಲಿಸುವ ಆಟವನ್ನು ಎರಡು ಬಗೆಯಾಗಿ ಆಡಿಸಿ ನೋಡಿದರು. ಒಂದರಲ್ಲಿ ಯಾರು ಮೊದಲು ಒತ್ತಿದರೆ ಅವರದೇ ಉತ್ತರ. ಇನ್ನೊಂದರಲ್ಲಿ ಎಲ್ಲರೂ ಒಂದೇ ಉತ್ತರವನ್ನು ಒತ್ತಿದಲ್ಲದೆ ಆಟ ಮುಂದೆ ಹೋಗದು. ಮೊದಲನೆಯ ಬಗೆಯಲ್ಲಿ ಗಂಡುಹುಡುಗರು ಓಟಕ್ಕೆ ಬಿದ್ದು ಎಲ್ಲೆಂದರಲ್ಲಿ ಒತ್ತಿ ಕಡಮೆ ಕಲಿತರು. ಎರಡನೆಯದರಲ್ಲಿ ಮಕ್ಕಳು ತಮ್ಮತಮ್ಮಲ್ಲಿ ಮಾತನಾಡಿಕೊಂಡು, ಒಬ್ಬರಿಗೊಬ್ಬರು ಹೇಳಿಕೊಟ್ಟು, ತಲೆಗೊಂದು ಕಂಪ್ಯೂಟರು ಕೊಟ್ಟಾಗ ಕಲಿಯುವಷ್ಟನ್ನು ಹೆಚ್ಚುಕಡಮೆ ಕಲಿತರು. ಯಂತ್ರವೂ ಅದೇ, ಪದಗಳೂ ಅವೇ. ಆಟದ ನಿಯಮ ಒಂದು ಬದಲಾಯಿತು, ಕಲಿತದ್ದೂ ಬದಲಾಯಿತು.

ಮುಂದೆ ಪ್ರತಿಷ್ಠಾನದವರೇ ತಮ್ಮ ಸಿ.ಡಿ.ಗಳ ಪ್ರಯೋಗವನ್ನು ತೂಗಿ ನೋಡಿದರು. 18 ಭಾಷೆಗಳಲ್ಲಿ ಪಾಠಗಳನ್ನು ಸಿದ್ಧಪಡಿಸಿ, ಹಲವು ರಾಜ್ಯಗಳ ಸಾವಿರಾರು ಶಾಲೆಗಳಿಗೆ ಒದಗಿಸಿದ ಮೇಲೆ, ಶಾಲೆಯ ಮೂಲ ಕಷ್ಟಗಳಿಗೆ ಕಂಪ್ಯೂಟರು ಮದ್ದಲ್ಲವೆಂದು 2010ರಲ್ಲಿ ಬಹಿರಂಗವಾಗಿಯೇ ಹೇಳಿ, ತಮ್ಮ ಶಕ್ತಿಯನ್ನು ಉಪಾಧ್ಯಾಯರ ಕಡೆಗೆ ತಿರುಗಿಸಿದರು. ಟೊಯಾಮ ಅವರೂ 2015ರಲ್ಲಿ ಪುಸ್ತಕ ಬರೆದು ಹೇಳಿದುದು ಇದನ್ನೇ: ಇರುವ ಗುಣವನ್ನು ಯಂತ್ರ ಹೆಚ್ಚಿಸಬಲ್ಲುದು, ಇಲ್ಲದ್ದನ್ನು ತರಲಾರದು. ಇದಕ್ಕೆ ಎದುರಾದ ವಾದವೂ ಇದ್ದಿತು. 1999ರಲ್ಲಿ ಸುಗತ ಮಿತ್ರ ಅವರು ದೆಹಲಿಯ ಕಾಲ್ಕಾಜಿಯಲ್ಲಿ ಗೋಡೆಗೆ ಕಂಪ್ಯೂಟರನ್ನು ಹುಗಿದು ಬೀದಿಮಕ್ಕಳ ಕೈಗೆ ಬಿಟ್ಟು, ಕಲಿಸುವವರಿಲ್ಲದೆಯೂ ಮಕ್ಕಳು ಕಲಿಯಬಲ್ಲರೆಂದು ಸಾರಿದರು. ಮಕ್ಕಳ ಕುತೂಹಲದಲ್ಲಿ ಅವರಿಗಿದ್ದ ನಂಬಿಕೆ ದೊಡ್ಡದೇ. ಆದರೆ ಗೋಡೆಯ ಮುಂದೆಯೂ ಜೋರಿನವನ ಕೈಯೇ ಮೊದಲು ಚಾಚುತ್ತದೆ.

ಕೈಯಷ್ಟೇ ಮುಖ್ಯವಾದುದು ಭಾಷೆ. ತೆರೆಯ ಮೇಲೆ ಕನ್ನಡವೇ ಮೂಡದಿದ್ದರೆ ಕಳಸದ ಮಗುವಿಗೆ ಆ ಆಟದಿಂದ ಏನು ಪ್ರಯೋಜನ? ಈ ಕೆಲಸದಲ್ಲಿ ಕೆ. ಪಿ. ರಾಯರ ಕೀಲಿಮಣೆಯ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವು ದೊಡ್ಡ ಹೆಜ್ಜೆಗಳು. ನಮ್ಮ ಮೂಡಿಗೆರೆಯ ತೋಟದಲ್ಲಿ ಕುಳಿತು ಇದೇ ಚಿಂತೆಯನ್ನು ಹಚ್ಚಿಕೊಂಡಿದ್ದವರು ಕೆ. ಪಿ. ಪೂರ್ಣಚಂದ್ರ ತೇಜಸ್ವಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೊರತಂದ ‘ಕುವೆಂಪು’ ತಂತ್ರಾಂಶದ ಹಿಂದೆ ಅವರ ಒತ್ತಾಸೆಯಿತ್ತು. ಕಂಪ್ಯೂಟರಿನಲ್ಲಿ ಸಲ್ಲದ ಭಾಷೆ ನಾಳಿನ ಮಕ್ಕಳಿಗೂ ಸಲ್ಲದೆ ಹೋಗುವುದೆಂದು ಅವರು ಬಹು ಹಿಂದೆಯೇ ಕಂಡಿದ್ದರು. 2007ರಲ್ಲಿ ಅವರು ತೀರಿಕೊಂಡರು. ಅವರ ಚಿಂತೆ ಇನ್ನೂ ತೀರಿಲ್ಲ.

ಯಂತ್ರವೇ ಇಲ್ಲದೆ ಆಟವನ್ನು ಶಾಲೆಯೊಳಕ್ಕೆ ತಂದವರ ಕಥೆಯನ್ನು ಹೇಳದಿದ್ದರೆ ಈ ಚರಿತ್ರೆ ಪೂರ್ಣವಾಗದು. 1995ರಲ್ಲಿ ಹೆಗ್ಗಡದೇವನಕೋಟೆಯ ಕೆಲವು ಪ್ರಾಥಮಿಕ ಶಾಲಾ ಉಪಾಧ್ಯಾಯರು ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿಬಂದು, ಯುನಿಸೆಫ್ ನೆರವಿನಿಂದ ‘ನಲಿ-ಕಲಿ’ಯನ್ನು ಆರಂಭಿಸಿದರು. ಪಠ್ಯವನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಒಡೆದು, ಗೋಡೆಯ ಮೇಲೆ ಕಲಿಕೆಯ ಏಣಿಯೊಂದನ್ನು ಬರೆದರು. ಒಂದೊಂದು ಮಗುವೂ ತಾನು ಯಾವ ಮೆಟ್ಟಿಲಲ್ಲಿರುವೆನೆಂದು ತಾನೇ ನೋಡಿ, ತನ್ನ ಕಾರ್ಡನ್ನು ತಾನೇ ತೆಗೆದುಕೊಂಡು, ತನ್ನ ಗುಂಪಿನಲ್ಲಿ ಹೋಗಿ ಕೂರುತ್ತದೆ. ರಜೆ ಮಾಡಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಪರಮಪದದ ಪಟದಿಂದ ಹಾವನ್ನು ತೆಗೆದು ಏಣಿಯನ್ನು ಮಾತ್ರ ಉಳಿಸಿಕೊಂಡಂತೆ! 2009-10ರಲ್ಲಿ ಇದು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆಲ್ಲ ವಿಸ್ತರಿಸಿತು. ಇಂದಿನ ವಿಡಿಯೋ ಗೇಮಿನವರು ಹಂತ, ಮಟ್ಟ ಎಂದು ಹೇಳುವುದನ್ನೆಲ್ಲ ಹೆಗ್ಗಡದೇವನಕೋಟೆಯವರು ರಟ್ಟಿನ ಕಾರ್ಡಿನಲ್ಲಿ ಮಾಡಿದ್ದರು.

2020ರಲ್ಲಿ ಸಾಂಕ್ರಾಮಿಕ ರೋಗದಿಂದ ಶಾಲೆಗಳು ಮುಚ್ಚಿದಾಗ ಈ ಚರಿತ್ರೆಯೆಲ್ಲ ಒಮ್ಮೆಗೇ ಪರೀಕ್ಷೆಗೆ ಬಂದಿತು. ಪೇಟೆಯ ಮಗುವಿಗೆ ಮನೆಯಲ್ಲಿಯೇ ಪಾಠ. ಮಲೆನಾಡಿನಲ್ಲಿ ಸಿಗ್ನಲು ಹುಡುಕಿ ಗುಡ್ಡ ಹತ್ತಿದ ಮಕ್ಕಳ ಚಿತ್ರಗಳನ್ನು ನಾವೆಲ್ಲ ಪತ್ರಿಕೆಗಳಲ್ಲಿ ನೋಡಿದೆವು. ಕೊಡೆ ಹಿಡಿದು ಗುಡ್ಡದ ಮೇಲೆ ನಿಂತವರಲ್ಲಿ ಫೋನುಳ್ಳ ಮನೆಯ ಮಕ್ಕಳಿದ್ದರು. ಲೈನು ಮನೆಗಳಲ್ಲಿ ಒಂದೇ ಫೋನು, ಅದೂ ಕೆಲಸಕ್ಕೆ ಹೋದ ತಂದೆಯ ಜೇಬಿನಲ್ಲಿ. ಆ ವರ್ಷ ‘ವಿದ್ಯಾಗಮ’ ಎಂಬ ಹೆಸರಿನಲ್ಲಿ ಉಪಾಧ್ಯಾಯರೇ ಮಕ್ಕಳಿದ್ದೆಡೆಗೆ ನಡೆದುಹೋಗಿ ಮರದಡಿ, ಗುಡಿಯ ಜಗುಲಿಗಳಲ್ಲಿ ಪಾಠ ಹೇಳಿದರು. ಇದೇ ಕಾಲದಲ್ಲಿ ಅಕ್ಷರ ಪ್ರತಿಷ್ಠಾನದ ‘ಬಿಲ್ಡಿಂಗ್ ಬ್ಲಾಕ್ಸ್’ ಎಂಬ ಗಣಿತದ ಆಟಗಳು ಹಲವರಿಗೆ ಒದಗಿದವು. ಕನ್ನಡದಲ್ಲಿ ದೊರೆಯುತ್ತವೆ, ಹಣವಿಲ್ಲ. ಒಮ್ಮೆ ಇಳಿಸಿಕೊಂಡರೆ ಸಿಗ್ನಲಿಲ್ಲದೆಯೂ ನಡೆಯುತ್ತವೆ. ಈ ಆಟಗಳಿಗೆ ಹಿನ್ನೆಲೆಯಾದುದು 2011ರಲ್ಲಿ ಹೊಸಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಗಣಿತ ಕಲಿಕಾ ಆಂದೋಲನ. ಅದು ಮಣಿಗಳನ್ನೂ ದಾಳಗಳನ್ನೂ ಮಕ್ಕಳ ಕೈಗೆ ಕೊಟ್ಟು ಶುರುವಾದದ್ದು. ಕೈಯಲ್ಲಿ ಹಿಡಿದು ತಿಳಿದುದನ್ನು ಮಗು ತೆರೆಯ ಮೇಲೆ ಬೇಗ ಗುರುತಿಸುತ್ತದೆ.

ಈಗ ನಮ್ಮ ಬೆಟ್ಟದ ಶಾಲೆಗೆ ಬರೋಣ. 1951ರ ತೋಟ ಕಾರ್ಮಿಕರ ಕಾಯಿದೆಯು, ಕಾರ್ಮಿಕರ ಆರರಿಂದ ಹನ್ನೆರಡು ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿರುವ ತೋಟಗಳಲ್ಲಿ ಅವರ ಓದಿಗೆ ಏರ್ಪಾಡು ಮಾಡುವಂತೆ ಮಾಲೀಕರಿಗೆ ವಿಧಿಸುವ ಅಧಿಕಾರವನ್ನು ರಾಜ್ಯ ಸರಕಾರಗಳಿಗೆ ಕೊಟ್ಟಿತು. ತೋಟದ ಮಕ್ಕಳು ಹಿಂದುಳಿಯುವರೆಂಬ ಅರಿವು ಆಗಲೇ ಇದ್ದಿತು. ಇಂದು ಇಂಥ ಕಡೆ ಐದು ತರಗತಿಗಳಿಗೆ ಹತ್ತು ಹದಿನೈದು ಮಕ್ಕಳು, ಒಬ್ಬರೋ ಇಬ್ಬರೋ ಉಪಾಧ್ಯಾಯರು. ಮನೆಯಲ್ಲಿ ಒಬ್ಬನದು ತುಳು, ಒಬ್ಬಳದು ತಮಿಳು, ಈಚೆಗೆ ದೂರದ ಅಸ್ಸಾಮಿನಿಂದ ಬಂದವರ ಮಕ್ಕಳೂ ಉಂಟು. ಕಾಫಿ ಕುಯಿಲಿನ ತಿಂಗಳಲ್ಲಿ ಬೆಂಚು ಬರಿದು. ಮುಂಗಾರಿನಲ್ಲಿ ಮಳೆಯ ರಜೆ. ಮಕ್ಕಳು ಕಡಮೆಯೆಂದು ಇಂಥ ಶಾಲೆಗಳನ್ನು ದೂರದ ದೊಡ್ಡ ಶಾಲೆಯೊಂದಿಗೆ ಕೂಡಿಸುವ ಮಾತೂ ಪದೇ ಪದೇ ಏಳುತ್ತದೆ. ಇಂಥಲ್ಲಿಗೆ ಒಳ್ಳೆಯ ಆಟಗಳುಳ್ಳ ಯಂತ್ರವೊಂದು ಬಂದರೆ ನಾನು ಸ್ವಾಗತಿಸುತ್ತೇನೆ. ಉಪಾಧ್ಯಾಯಿನಿಯೊಬ್ಬರು ಒಂದನೆಯ ತರಗತಿಯ ಕೈ ಹಿಡಿದು ಬರೆಸುತ್ತಿರುವಾಗ ನಾಲ್ಕನೆಯ ತರಗತಿಯ ಮೂವರು ಒಂದು ತೆರೆಯ ಸುತ್ತ ಕುಳಿತು ಭಿನ್ನರಾಶಿಯ ಆಟವಾಡಬಹುದು. ನನ್ನ ಭಯ ಒಂದೇ: ಯಂತ್ರ ಬಂದಿತಲ್ಲ, ಇನ್ನು ಎರಡನೆಯ ಉಪಾಧ್ಯಾಯರು ಏತಕ್ಕೆ ಎಂದು ಯಾರಾದರೂ ಲೆಕ್ಕ ಹಾಕಿಬಿಟ್ಟರೆ? ರೇಡಿಯೋದಿಂದ ಸಿ.ಡಿ.ಯ ವರೆಗಿನ ಚರಿತ್ರೆಯೆಲ್ಲ ಆ ಲೆಕ್ಕ ತಪ್ಪೆಂದು ಹೇಳುತ್ತದೆ.

ನಮ್ಮ ಸೀಮೆಗೆ ಒಪ್ಪುವ ಒಂದು ಕೆಲಸವನ್ನು ಸೂಚಿಸಬಹುದೆಂದು ತೋರುತ್ತದೆ. ಇಲ್ಲಿಯ ತೋಟಗಳಲ್ಲಿ ಮಳೆಯನ್ನು ದಿನದಿನವೂ ಇಂಚು ಸೆಂಟುಗಳಲ್ಲಿ ಅಳೆದು ಪುಸ್ತಕದಲ್ಲಿ ಬರೆದಿಡುವ ಪದ್ಧತಿ ಹಳೆಯದು. ಶಾಲೆಗೊಂದು ಮಳೆಮಾಪಕವಿರಲಿ. ಸರದಿಯ ಪ್ರಕಾರ ಒಂದೊಂದು ಮಗುವೂ ಬೆಳಗ್ಗೆ ಅಳೆಯಲಿ, ಬರೆಯಲಿ, ಶಾಲೆಯ ಕಂಪ್ಯೂಟರಿಗೆ ತುಂಬಲಿ. ಅದರಿಂದ ನಕ್ಷೆ ಮಾಡಲಿ. ಪಕ್ಕದ ತೋಟದ ಹಳೆಯ ಪುಸ್ತಕದೊಡನೆ ಹೋಲಿಸಲಿ. ಒಂದೇ ಜಿಲ್ಲೆಯೊಳಗೆ ಕಳಸ ಮಳೆಯಲ್ಲಿ ತೊಯ್ದು, ಕಡೂರು ಮಳೆಗಾಗಿ ಬಾಯಿಬಿಡುವುದೇಕೆಂದು ಕಡೂರಿನ ಶಾಲೆಯ ಮಕ್ಕಳೊಡನೆ ಅಂಕಿ ಬದಲಾಯಿಸಿಕೊಳ್ಳಲಿ. ನಾಳೆ ಎಷ್ಟು ಬರುವುದೆಂದು ಊಹಿಸುವ ಪಂದ್ಯವನ್ನೂ ಕಟ್ಟಲಿ! ದಶಮಾಂಶ, ಸರಾಸರಿ, ಭೂಗೋಳ, ಕನ್ನಡ ಬರವಣಿಗೆ ಎಲ್ಲವೂ ಅದರಲ್ಲಿ ಬಂದುಹೋಗುತ್ತವೆ. ಆ ದಿನದ ಅಂಕಿಯನ್ನು ತುಂಬುವ ಸರದಿ ಲೈನು ಮನೆಯ ಹುಡುಗಿಗೂ ತಪ್ಪದೆ ಬರುವಂತೆ ಉಪಾಧ್ಯಾಯರು ನೋಡಿಕೊಂಡರೆ ಸಾಕು. ಯಂತ್ರಕ್ಕೆ ಕೊಟ್ಟ ಹಣ ಆ ಶಾಲೆಯ ಮಟ್ಟಿಗೆ ಸಾರ್ಥಕವಾಯಿತೆಂದು ನಾನು ತಿಳಿಯುತ್ತೇನೆ.